ಫೋರ್ಟಿನ ಕನ್ನಡ ರಾತ್ರಿಶಾಲೆಗಳು: ವಲಸಿಗರು ತಾವೇ ಕಟ್ಟಿಕೊಂಡ ಬಡತನ ನಿವಾರಣೆಯ ದಾರಿ

ಮುಂಬೈಯ ಫೋರ್ಟ್ ಪ್ರದೇಶದ ಕನ್ನಡ ರಾತ್ರಿಶಾಲೆಗಳು 20ನೆಯ ಶತಮಾನದಲ್ಲಿ ಕರಾವಳಿಯ ಬಡ ಹುಡುಗರನ್ನು ಹೋಟೆಲಿನ ಎಂಜಲು ತಟ್ಟೆಯಿಂದ ಕಚೇರಿ, ಬ್ಯಾಂಕು, ಸ್ವಂತ ಉದ್ಯಮಗಳವರೆಗೆ ದಾಟಿಸಿದವು. ಅವು ಹುಟ್ಟಿದ್ದು ಸರ್ಕಾರದ ಯೋಜನೆಯಿಂದಲ್ಲ. ಮೊದಲು ಬಂದು ನೆಲೆಯೂರಿದವರು ತಮ್ಮ ಹಿಂದೆ ಬಂದವರಿಗಾಗಿ ಕಟ್ಟಿದ ಸಂಘಗಳಿಂದ.

ಕೋಟೆಯ ಗೋಡೆಗಳನ್ನು 1860ರ ದಶಕದಲ್ಲಿ ಕೆಡವಿದ ಮೇಲೆ ಫೋರ್ಟ್ ಬಂದರು, ಬ್ಯಾಂಕು, ವ್ಯಾಪಾರಿ ಕಚೇರಿಗಳ ಕೇಂದ್ರವಾಗಿ ಬೆಳೆಯಿತು. ಅಷ್ಟು ಜನ ದುಡಿಯುವ ಜಾಗದಲ್ಲಿ ಊಟ ತಿಂಡಿಗೆ ಬೇಡಿಕೆ ಸಹಜ. ಇತ್ತ ದಕ್ಷಿಣ ಕನ್ನಡದಲ್ಲಿ ಗೇಣಿ ಕೊಟ್ಟು ಉಳಿದ ಅಕ್ಕಿ ವರ್ಷವಿಡೀ ಸಾಲುತ್ತಿರಲಿಲ್ಲ; ಮೀನುಗಾರರಿಗೆ ಮಳೆಗಾಲವೆಂದರೆ ದುಡಿಮೆಯಿಲ್ಲದ ಕಾಲ. ಮನೆಯ ಒಂದು ಹೊಟ್ಟೆ ಕಡಿಮೆಯಾದರೂ ಸಾಕೆಂದು ಹುಡುಗರನ್ನು ಮಂಗಳೂರಿನಿಂದ ಹಡಗಿನಲ್ಲಿ, ಮುಂದಿನ ಕಾಲದಲ್ಲಿ ಬಸ್ಸಿನಲ್ಲಿ, ಪರಿಚಯದವರ ಜತೆ ಬೊಂಬಾಯಿಗೆ ಕಳಿಸುವುದು ರೂಢಿಯಾಯಿತು.

ಬಂದ ಹುಡುಗನಿಗೆ ಹೋಟೆಲಿನಲ್ಲಿ ಮೊದಲು ಸಿಗುತ್ತಿದ್ದುದು ಟೇಬಲ್ ಒರೆಸುವ, ಲೋಟ ತಟ್ಟೆ ತೊಳೆಯುವ ಕೆಲಸ. ಸಂಬಳ ಅತ್ಯಲ್ಪ, ಆದರೆ ಊಟ ಅಲ್ಲೇ. ಬಾಗಿಲು ಹಾಕಿದ ಮೇಲೆ ಮಲಗುವುದೂ ಅಲ್ಲೇ. ಹಣ ಮನಿಯಾರ್ಡರಿನಲ್ಲಿ ಊರಿಗೆ ಹೋಗುತ್ತಿತ್ತು. ಇಂಥ ಹುಡುಗನಿಗೆ ಹಗಲುಶಾಲೆ ಎಷ್ಟು ಒಳ್ಳೆಯದಿದ್ದರೂ ಉಪಯೋಗವಿರಲಿಲ್ಲ. ಅವನಿಗೆ ಬೇಕಾಗಿದ್ದುದು ಕೆಲಸ ಬಿಡಿಸದೆ ಓದಿಸುವ ಶಾಲೆ.

ರಾತ್ರಿಶಾಲೆ ಈ ಅಗತ್ಯಕ್ಕೆ ತಕ್ಕಂತೆಯೇ ರೂಪುಗೊಂಡಿತು. ಹಗಲು ಬೇರೆ ಮಕ್ಕಳು ಕೂರುವ ಬೆಂಚುಗಳ ಮೇಲೆ ಸಂಜೆಯ ಬಳಿಕ ಇವರು ಕೂರುತ್ತಿದ್ದರು. ಶುಲ್ಕವಿಲ್ಲ. ಹಗಲು ಬೇರೆಡೆ ನೌಕರಿ ಮಾಡಿ ಸಂಜೆ ಪಾಠ ಹೇಳಲು ಬರುತ್ತಿದ್ದ ಮೇಷ್ಟರುಗಳೇ ಇಲ್ಲಿನ ಆಧಾರ. ಸಂಜೆಯ ಗಿರಾಕಿಗಳ ಹೊತ್ತಿನಲ್ಲೇ ಹುಡುಗನನ್ನು ಬಿಟ್ಟುಕೊಡಬೇಕಿದ್ದ ಹೋಟೆಲ್ ಮಾಲೀಕರ ಒಪ್ಪಿಗೆಯೂ ಬೇಕಾಗಿತ್ತು. ಹಲವರು ಒಪ್ಪಿದರು, ಅವರಲ್ಲಿ ಅದೇ ದಾರಿಯಲ್ಲಿ ಬಂದವರೂ ಇದ್ದರು. ಈ ಇತಿಹಾಸದಲ್ಲಿ ಕಟ್ಟಡಗಳಿಗಿಂತ ಈ ಒಪ್ಪಿಗೆಗೇ ಹೆಚ್ಚಿನ ಬೆಲೆ ಕೊಡಬೇಕು.

ಶಾಲೆಗಳ ಬೆನ್ನಿಗಿದ್ದುದು ಸಮುದಾಯ ಸಂಘಟನೆಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ ಮುಂಬೈಯಲ್ಲಿ ಹುಟ್ಟಿದವು. ಎಸ್.ಎಸ್.ಸಿ. ಮುಗಿಸಿದವರಿಗೆ ಮುಂದಿನ ಮೆಟ್ಟಿಲೂ ಫೋರ್ಟಿನಲ್ಲೇ ಇತ್ತು. ಅಂಬೇಡ್ಕರರು 1945ರಲ್ಲಿ ಸ್ಥಾಪಿಸಿದ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ತೆರೆದ ಸಿದ್ಧಾರ್ಥ ಕಾಲೇಜು, ದುಡಿಯುವವರಿಗೆ ಅನುಕೂಲವಾಗಲೆಂದು ಬೆಳಗಿನ ತರಗತಿಗಳನ್ನು ನಡೆಸಿತು.

ಓದಿನ ಜತೆ ಸಾಲದ ವ್ಯವಸ್ಥೆಯೂ ಬೆಳೆಯಿತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷ ಗದಗ ಸಮೀಪದ ಕಣಗಿನಹಾಳದಲ್ಲಿ ಸಹಕಾರ ಸಂಘ ಸ್ಥಾಪನೆಯಾಯಿತು. 1906ರಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಮುಂಬೈಯಲ್ಲಿ ಚಿತ್ರಾಪುರ ಸಾರಸ್ವತರ ಶಾಮರಾವ್ ವಿಠ್ಠಲ್ ಸಹಕಾರಿ ಸಂಸ್ಥೆಯನ್ನು ಆರಂಭಿಸಿದರು. ಅದೇ ಮುಂದೆ ಬ್ಯಾಂಕಾಯಿತು. ಬಿಲ್ಲವರ ಅಸೋಸಿಯೇಶನ್ನಿನ ಬೆಂಬಲದಿಂದ 1978ರಲ್ಲಿ ಭಾರತ್ ಸಹಕಾರಿ ಬ್ಯಾಂಕ್ ಹುಟ್ಟಿತು. ಅಡವಿಡಲು ಆಸ್ತಿಯಿಲ್ಲದ ವಲಸಿಗನ ಗುರುತು, ನಡತೆ, ದುಡಿಮೆ ಸಮುದಾಯದ ಬ್ಯಾಂಕಿಗೆ ತಿಳಿದಿರುತ್ತಿದ್ದವು. ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ 1976ರಲ್ಲಿ ಮುಹಮ್ಮದ್ ಯೂನುಸ್ ಆರಂಭಿಸಿದ ಕಿರುಸಾಲದ ಪ್ರಯೋಗವೂ ಆಸ್ತಿಯ ಬದಲು ಪರಸ್ಪರ ನಂಬಿಕೆಯನ್ನೇ ಆಧಾರವಾಗಿ ಹಿಡಿದಿತ್ತು. ಸ್ಥಳೀಯರ ಸಾಮರ್ಥ್ಯ ಬೆಳೆಸಬೇಕೆಂಬ ಮಾತು ಅಂತರರಾಷ್ಟ್ರೀಯ ನೆರವು ಸಂಸ್ಥೆಗಳಲ್ಲಿ ಬಲವಾಗಿ ಕೇಳಿಬಂದದ್ದು 1990ರ ದಶಕದಲ್ಲಿ. ಮುಂಬೈಯ ಕರಾವಳಿಗರು ಅದನ್ನು ಅದಕ್ಕೆ ಹಲವು ದಶಕಗಳ ಮೊದಲೇ ಆಚರಣೆಗೆ ತಂದಿದ್ದರು.

ಈ ವ್ಯವಸ್ಥೆಯ ಮಿತಿಗಳು ಸಣ್ಣವಲ್ಲ. ಸಂಘಗಳು ಹೆಚ್ಚಾಗಿ ಜಾತಿಯ ಸುತ್ತ ಬೆಳೆದಿದ್ದರಿಂದ, ಮುಂಬೈಯಲ್ಲಿ ಸ್ವಂತ ಸಂಘ ಕಟ್ಟುವಷ್ಟು ಜನಬಲ ಇಲ್ಲದ ಸಮುದಾಯಗಳ ಹುಡುಗರಿಗೆ ಈ ಆಸರೆ ಅಷ್ಟಾಗಿ ಸಿಗಲಿಲ್ಲ. ಒಂಟಿಯಾಗಿ ವಲಸೆ ಬಂದವರು ಗಂಡುಮಕ್ಕಳು. ಆದ್ದರಿಂದ ರಾತ್ರಿಶಾಲೆಯೂ ಬಹುಮಟ್ಟಿಗೆ ಗಂಡುಮಕ್ಕಳದೇ ಆಯಿತು. ತಮ್ಮನ ಮನಿಯಾರ್ಡರಿನಲ್ಲಿ ಊರಿನ ಮನೆ ನಡೆಸಿದ ಅಕ್ಕನಿಗೆ ಅಂಥ ಶಾಲೆ ಇರಲಿಲ್ಲ.

1974ರ ಭೂಸುಧಾರಣೆಯಿಂದ ದಕ್ಷಿಣ ಕನ್ನಡದ ಗೇಣಿದಾರರಿಗೆ ಭೂಮಿ ಸಿಕ್ಕಿತು, ಊರಲ್ಲೇ ಶಾಲೆಗಳು ಹೆಚ್ಚಿದವು, ಓದು ಬಿಟ್ಟು ಮುಂಬೈಗೆ ಬರುವ ಹುಡುಗರು ಕಡಿಮೆಯಾದರು. ಹೋಟೆಲುಗಳಲ್ಲಿ 14 ವರ್ಷದೊಳಗಿನವರ ದುಡಿಮೆಯನ್ನು 2006ರ ಅಕ್ಟೋಬರಿನಿಂದ ಕಾನೂನು ನಿಷೇಧಿಸಿತು. ಅದು ಆಗಲೇಬೇಕಿದ್ದ ಕೆಲಸ. ಇತ್ತ ಮುಂಬೈಯ ಕನ್ನಡ ಕುಟುಂಬಗಳು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸತೊಡಗಿದವು. ಕನ್ನಡ ರಾತ್ರಿಶಾಲೆಗಳು ಸೊರಗಿದ್ದು ಹೀಗೆ. ಅವುಗಳ ಹಾಜರಿ ಪುಸ್ತಕಗಳಲ್ಲಿ, ಸಂಘಗಳ ವಾರ್ಷಿಕ ವರದಿಗಳಲ್ಲಿ ವಿದ್ಯಾರ್ಥಿಗಳ ಊರು, ವಯಸ್ಸು, ಓದಿನ ವಿವರಗಳು ದೊರೆಯುತ್ತವೆ. ಅಲ್ಲಿ ಓದಿದವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ದಾಖಲೆಗಳನ್ನು ಒಂದೆಡೆ ಸೇರಿಸಿ ಕಾಪಾಡುವ ಕೆಲಸವನ್ನು ಮುಂಬೈಯ ಕನ್ನಡ ಸಂಸ್ಥೆಗಳು ಕೈಗೆತ್ತಿಕೊಳ್ಳಬೇಕು.