ಶಬ್ದಸಾಮ್ಯವೂ ಊರ ಹೆಸರೂ

ಮಾರತ್ತಹಳ್ಳಿಯ ಹೆಸರು ‘ಮಾರುತ’ ಯುದ್ಧವಿಮಾನದಿಂದ ಬಂದಿತೆಂದು ಹಲವರು ಹೇಳುವರು. ಬೆಂಗಳೂರಿನಲ್ಲಿ ನಿರ್ಮಿತವಾದ ಆ ವಿಮಾನವು ಮೊದಲು ಹಾರಿದುದು 1961ರಲ್ಲಿ. ಈ ಮಾತಿಗೆ ಆಧಾರವು ಧ್ವನಿಸಾಮ್ಯ. ಅದೆಷ್ಟು ದುರ್ಬಲವಾದ ಆಧಾರವೆಂಬುದನ್ನು ‘ಮಾರು’ ಎಂಬ ರೂಪವೇ ತೋರಿಸುವುದು.

ಕನ್ನಡದಲ್ಲಿ ಮಾರುವುದೆಂದರೆ ವಿಕ್ರಯ. ಹಳಗನ್ನಡದಲ್ಲಿ ಅದು ಶಕಟರೇಫದೊಡನೆ ‘ಮಾಱು’ ಎಂದಿತ್ತು. ತಮಿಳಿನ ‘ಮಾಱು’ ಎಂಬುದಕ್ಕೆ ಬದಲಾಗು ಎಂದರ್ಥ. ಇವೆರಡೂ ಒಡಹುಟ್ಟಿದವು; ಒಂದನ್ನು ಕೊಟ್ಟು ಬದಲು ಪಡೆಯುವುದೇ ವ್ಯಾಪಾರವಷ್ಟೆ. ಹಿಂದೂಸ್ತಾನಿಯ ‘ಮಾರ್’ ಹೊಡೆತ. ಸಂಸ್ಕೃತದ ಮಾರನು ಮನ್ಮಥ. ಇವು ಸಾವನ್ನು ಸೂಚಿಸುವ ‘ಮೃ’ ಧಾತುವಿನವು. ಇಂಗ್ಲಿಷಿನಲ್ಲಿ ‘ಮಾರ್’ ಎಂದರೆ ಕೆಡಿಸು. ಅದರ ಮೂಲವೇ ಬೇರೆ.

1809ರಲ್ಲಿ ದಂಡು ನೆಲೆಗೊಂಡ ಮೇಲೆ ಹಲಸೂರಿನ ಸುತ್ತ ಈ ಆಡುನುಡಿಗಳೆಲ್ಲ ನೆರೆಹೊರೆಯಾದುವು, ಅಷ್ಟರಿಂದ ನಂಟರಾಗಲಿಲ್ಲ. ಊರ ಹೆಸರಿನ ಮೂಲವನ್ನು ದಾಖಲೆಗಳಿಂದಲೇ ನಿಶ್ಚಯಿಸತಕ್ಕದ್ದು. 1961ಕ್ಕೆ ಹಿಂದಿನ ಕಡತವೊಂದರಲ್ಲಿ ಆ ಹೆಸರು ಕಂಡೊಡನೆ ವಿಮಾನದ ಕಥೆ ನೆಲಕ್ಕಿಳಿಯುವುದು.