ತಿದ್ದುವಿಕೆಯ ಅತಿರೇಕ

ತಪ್ಪನ್ನು ತಿದ್ದಲು ಹೊರಟವನು ಸರಿಯಾಗಿದ್ದುದನ್ನೂ ಕೆಡಿಸುವುದುಂಟು. ಅದರ ಚರಿತ್ರೆ ನಮ್ಮ ನುಡಿಯಲ್ಲಿಯೇ ಇದೆ.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ೯ನೆಯ ಶತಮಾನದ ಕಲ್ಲೇಶ್ವರ ದೇವಾಲಯವೂ ೧೩ನೆಯ ಶತಮಾನದ ಚೆನ್ನಕೇಶವ ದೇವಾಲಯವೂ ಇವೆ. ಈ ಎರಡರ ನಡುವಣ ಶತಮಾನಗಳಲ್ಲಿ ಕನ್ನಡದ ‘ಪಾಲ್’ ಹಾಲಾಗತೊಡಗಿತು, ‘ಪಳ್ಳಿ’ ಹಳ್ಳಿಯಾಗತೊಡಗಿತು. ಮುಂದೆ ನಮ್ಮ ಸೀಮೆಯ ಆಡುಮಾತಿನಲ್ಲಿ ಆ ಹಕಾರವೂ ಉದುರಿ ‘ಆಲು’, ‘ಅಳ್ಳಿ’ ಎಂದಾದುವು. ಉಪಾಧ್ಯಾಯರು ಗದರಿಸಿದರೆ ಹುಡುಗನು ಅಂಜಿ ಅಕ್ಕಿಯನ್ನೂ ‘ಹಕ್ಕಿ’ ಎನ್ನುತ್ತಾನೆ. ಸಭೆಯಲ್ಲಿ ‘ಆದರದ ಸ್ವಾಗತ’ಕ್ಕೆ ಹಕಾರ ಸೇರಿದರೆ ಒದಗುವ ಅನರ್ಥವನ್ನು ಇಲ್ಲಿ ಬರೆಯಬೇಕಾಗಿಲ್ಲ.

ನಗುವಿನಲ್ಲಿ ಮುಗಿಯುವ ಈ ದೋಷ ಓಲೆಗರಿಯಲ್ಲಿ ಸುಲಭವಾಗಿ ಕಾಣದು. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ಸುಮಾರು ೧೨೬೦ರಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಟ್ಟಿದ್ದಾನೆ; ಆ ಧ್ವನಿಯು ಜನರ ನಾಲಗೆಯಿಂದ ಮರೆಯಾಗುತ್ತಿದ್ದ ಕಾಲವದು. ಅನಂತರದ ಲಿಪಿಕಾರರ ಕಿವಿಗೆ ಈ ಭೇದ ಕೇಳಿಸುತ್ತಿರಲಿಲ್ಲ. ಪ್ರಾಚೀನತೆಯ ಮೇಲಣ ಗೌರವದಿಂದ ಕೆಲವರು ಳಕಾರವಿರಬೇಕಾದಲ್ಲಿಯೂ ೞಕಾರವನ್ನು ಬರೆದರು. ಅವರನ್ನು ಹಳಿಯುವ ಅಧಿಕಾರ ನಮಗಿಲ್ಲ. ವಿದ್ಯಾರ್ಥಿದೆಸೆಯಲ್ಲಿ ನಾವೂ ಒಂದು ಪ್ರತಿಯ ವಿಲಕ್ಷಣ ಪಾಠವನ್ನು ಪ್ರಮಾದವೆಂದು ಹೊಡೆದುಹಾಕಿ, ಹತ್ತು ವರ್ಷಗಳ ಮೇಲೆ ಅದೇ ಮೂಲಪಾಠವೆಂದರಿತು ಲಜ್ಜಿತರಾದೆವು.

ಗ್ರಂಥದ ತಪ್ಪನ್ನು ಮುಂದಿನ ಮುದ್ರಣದಲ್ಲಿ ಸರಿಪಡಿಸಬಹುದು. ತೋಟದಲ್ಲಿ ಹಾಗಾಗದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಭಕ್ತರು ತೆಂಗಿನ ಕಪ್ಪುತಲೆ ಹುಳುವನ್ನು ಬಲ್ಲರು. ಗರಿಯ ಅಡಿಯಲ್ಲಿ ಹಸುರನ್ನು ಕೆರೆದು ತಿಂದು ಮರವನ್ನು ಸುಟ್ಟಂತೆ ಮಾಡುವ ಈ ಹುಳುವಿಗೆ ಗೋನಿಯೋಜಸ್ ಎಂಬ ಸಣ್ಣ ಕಣಜವು ಸಹಜ ವೈರಿ. ಗರಿ ಒಣಗಿದುದನ್ನು ಕಂಡು ಗಾಬರಿಯಾದ ರೈತನು ತೋಟಕ್ಕೆಲ್ಲ ಕೀಟನಾಶಕವನ್ನು ಸಿಂಪಡಿಸಿದರೆ ಹುಳುವಿನೊಡನೆ ಕಣಜವೂ ಸಾಯುತ್ತದೆ. ಗೂಡಿನಲ್ಲಿ ಅವಿತುಕೊಂಡ ಹುಳುಗಳು ಉಳಿದು ಮತ್ತೆ ಹಬ್ಬಿದಾಗ ತಡೆಯುವವರೇ ಇಲ್ಲ.

ಈ ಅತಿರೇಕದ ಘೋರರೂಪವನ್ನು ಕಾಸರಗೋಡಿನಲ್ಲಿ ಕಾಣಬೇಕು. ಟೀ ಸೊಳ್ಳೆಯೆಂಬ ಕೀಟವನ್ನು ನಿವಾರಿಸಲು ಗೇರುತೋಟಗಳ ಮೇಲೆ ೨೦೦೦ದವರೆಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ೨೦೧೧ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. ಅಷ್ಟರಲ್ಲಿ ಅಂಗವೈಕಲ್ಯದಿಂದ ಹುಟ್ಟಿದ ಮಕ್ಕಳು ಅಲ್ಲಿನ ಹಳ್ಳಿಗಳಲ್ಲಿ ಬೆಳೆದು ದೊಡ್ಡವರಾಗಿದ್ದರು.

ನಮ್ಮ ತೆಂಗಿನ ಸೀಮೆಯಲ್ಲಿ ಇನ್ನೂ ಕಾಲ ಮಿಂಚಿಲ್ಲ. ಸಿಂಪಡಣೆಯಾದ ತೋಟದಲ್ಲಿ ಮೂರು ವಾರ ಕಳೆದ ಮೇಲೆಯೇ ಕಣಜವನ್ನು ಬಿಡಬೇಕೆಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಸಿಂಪಡಿಸದ ತೋಟದಲ್ಲಿ ಇಂದೇ ಬಿಡಬಹುದು.