ಕೋಷ್ಟಕದಿಂದ ಎಷ್ಟು ದೂರ? ಗಾಲ್ ಪ್ರಕರಣ ಮತ್ತು ಶಿಕ್ಷೆಯ ಮೇಲ್ಮನವಿ

ಅಮೆರಿಕದ ಫೆಡರಲ್ ಶಿಕ್ಷಾ ಮಾರ್ಗಸೂಚಿಯ ಕೈಪಿಡಿಯಲ್ಲಿ ಒಂದು ಕೋಷ್ಟಕವಿದೆ. ಎಡಕ್ಕೆ ಅಪರಾಧದ ಗಂಭೀರತೆಯ 43 ಹಂತ, ಮೇಲೆ ಅಪರಾಧಿಯ ಪೂರ್ವಚರಿತ್ರೆಯ 6 ವರ್ಗ. ಎರಡೂ ಕೂಡುವ ಮನೆಯಲ್ಲಿ ಇಷ್ಟರಿಂದ ಇಷ್ಟು ತಿಂಗಳು ಎಂದಿರುತ್ತದೆ. ಪಂಚಾಂಗ ನೋಡಿದ ಹಾಗೆ. 1987ರ ನವೆಂಬರ್ 1ರಂದು ಜಾರಿಗೆ ಬಂದ ಈ ಕೋಷ್ಟಕ ನ್ಯಾಯಾಧೀಶರ ಕೈ ಕಟ್ಟಿತ್ತು. ಅಲ್ಲಿನ ಸುಪ್ರೀಂ ಕೋರ್ಟಿನ 2005ರ ಬೂಕರ್ ತೀರ್ಪಿನ ಬಳಿಕ ಅದು ಬರೀ ಸಲಹೆ. ಮೇಲ್ಮನವಿಯಲ್ಲಿ ನೋಡಬೇಕಾದದ್ದು ಶಿಕ್ಷೆ ಸಮಂಜಸವೇ ಎಂಬುದನ್ನು.

ಸಮಂಜಸತೆಯನ್ನು ಅಳೆಯುವುದು ಯಾವುದರಿಂದ? ಈ ತೊಡಕು ಬಯಲಾದದ್ದು ಗಾಲ್ ಪ್ರಕರಣದಲ್ಲಿ. ಅಯೋವಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗಾಲ್ ಎಕ್ಸ್ಟಸಿ ಎಂಬ ಮಾದಕ ಮಾತ್ರೆ ಮಾರುವ ಗುಂಪಿಗೆ ಸೇರಿ, ಏಳು ತಿಂಗಳಲ್ಲಿ ತಾನಾಗಿಯೇ ಹೊರಬಂದ. ಓದು ಮುಗಿಸಿ ಬಡಗಿ ಕೆಲಸಕ್ಕಿಳಿದ. ವರ್ಷಗಳ ನಂತರ ದೋಷಾರೋಪಣೆಯಾದಾಗ ಬಂದು ಶರಣಾದ. ಕೋಷ್ಟಕ ಹೇಳಿದ್ದು 30ರಿಂದ 37 ತಿಂಗಳ ಸೆರೆ. ವಿಚಾರಣಾ ನ್ಯಾಯಾಧೀಶರು ಕೊಟ್ಟದ್ದು 36 ತಿಂಗಳ ಪ್ರೊಬೇಷನ್, ಅಂದರೆ ಸೆರೆಯ ಬದಲು ಹೊರಗಿದ್ದೇ ನಿಗಾ. ಎಂಟನೇ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯ ಇದನ್ನು ಶೇ. 100ರ ಇಳಿಕೆ ಎಂದು ಎಣಿಸಿತು. ಅಸಾಧಾರಣ ಇಳಿಕೆಗೆ ಅಸಾಧಾರಣ ಕಾರಣ ಬೇಕೆಂದು ಶಿಕ್ಷೆಯನ್ನು ರದ್ದುಮಾಡಿತು.

2007ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಲೆಕ್ಕಾಚಾರವನ್ನೇ 7-2ರ ಬಹುಮತದಲ್ಲಿ ತಳ್ಳಿಹಾಕಿತು. ಕೋಷ್ಟಕ ಒಂದು ತಿಂಗಳು ಹೇಳಲಿ, ನೂರು ವರ್ಷ ಹೇಳಲಿ, ಪ್ರೊಬೇಷನ್ ಕೊಟ್ಟರೆ ಶೇಕಡಾವಾರಿನಲ್ಲಿ ಎರಡೂ ಒಂದೇ! ಮೇಲಾಗಿ ಪ್ರೊಬೇಷನ್ ಎಂದರೆ ಸೊನ್ನೆಯೂ ಅಲ್ಲ. ಅನುಮತಿಯಿಲ್ಲದೆ ಊರು ಬಿಡುವಂತಿಲ್ಲ, ಅಧಿಕಾರಿಗೆ ವರದಿ ಒಪ್ಪಿಸುತ್ತಿರಬೇಕು. ಮೇಲ್ಮನವಿ ನ್ಯಾಯಾಲಯ ಮೊದಲು ಲೆಕ್ಕ ಮತ್ತು ಕಾರ್ಯವಿಧಾನದ ತಪ್ಪು ಹುಡುಕಬೇಕು. ಆಮೇಲೆ ವಿವೇಚನೆಯ ದುರ್ಬಳಕೆಯಾಗಿದೆಯೇ ಎಂದಷ್ಟೇ ನೋಡಬೇಕು. ತಾನಾಗಿದ್ದರೆ ಬೇರೆ ಶಿಕ್ಷೆ ಕೊಡುತ್ತಿದ್ದೆ ಎಂಬುದು ರದ್ದತಿಗೆ ಸಾಲದು. ಆದರೂ ಅಂತರ ಹಿಗ್ಗಿದಷ್ಟೂ ಸಮರ್ಥನೆ ಬಲವಾಗಿರಬೇಕೆಂದು ಅದೇ ತೀರ್ಪು ಹೇಳಿತು. ಬಾಗಿಲಲ್ಲಿ ಹೊರಹಾಕಿದ ಅಳತೆಗೋಲು ಕಿಟಕಿಯಿಂದ ಒಳಬಂದಂತೆ ನನಗೆ ಕಾಣುತ್ತದೆ.

ಹಾಗೆಂದು ಅಳತೆಗೋಲೇ ಇಲ್ಲದ ಕಡೆ ನೆಮ್ಮದಿಯಿದೆಯೇ? ಶಿಕ್ಷೆ ಸಾಲದೆಂದು ಸರ್ಕಾರ ಮೇಲ್ಮನವಿ ಹೋಗಲು ನಮ್ಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 418ನೇ ಕಲಮು ಅವಕಾಶ ಕೊಡುತ್ತದೆ. ಯಾವುದಕ್ಕೆ ಹೋಲಿಸಿದರೆ ಸಾಲದು ಎಂಬುದಕ್ಕೆ ಕೋಷ್ಟಕವಿಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳಿಮಠ ಅವರ ಸಮಿತಿ ಶಿಕ್ಷಾ ಮಾರ್ಗಸೂಚಿ ರೂಪಿಸಲು ಶಾಸನಬದ್ಧ ಸಮಿತಿ ಬೇಕೆಂದು 2003ರಲ್ಲೇ ಶಿಫಾರಸು ಮಾಡಿತ್ತು. ಅದು ಶಿಫಾರಸಾಗಿಯೇ ಉಳಿದಿದೆ. ವಕೀಲರು ಹಳೆಯ ತೀರ್ಪುಗಳ ರಾಶಿಯಿಂದ ತಮಗೊಪ್ಪುವ ಒಂದನ್ನು ಹೆಕ್ಕಿ ಪೀಠದ ಮುಂದಿಡುತ್ತಾರೆ, ಎದುರಿನವರು ಇನ್ನೊಂದನ್ನು.